ದೀಪ ಹಚ್ಚಿದ ಮೇಲೆ ಸೂಜಿ ಕೊಡುವುದಿಲ್ಲ

ತೆರಕಣಾಂಬಿಯಲ್ಲಿ ಪಾಠ ಮಾಡಿದ ನಾಲ್ಕನೇ ವಾರ ನಾನು ಸೋತೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಗೆದ್ದದ್ದನ್ನು ಹೇಳುವಾಗ ಯಾರೂ ನನ್ನನ್ನು ಜಂಬದವಳು ಅನ್ನಬಾರದು. ಜಂಬ ಇಲ್ಲವೆಂದಲ್ಲ. ವಯಸ್ಸಾದವರಿಗೆ, ಹೊಸದಾಗಿ ಫೋನು ಹಿಡಿದವರಿಗೆ, ಮೋಸಹೋಗದ ಹಾಗೆ ಅದನ್ನು ಬಳಸುವುದನ್ನು ಕಲಿಸುವ ಕೆಲಸ ನನ್ನದು. ಆ ಕೆಲಸ ನನಗೆ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಆಗಲೂ ಇತ್ತು, ಈಗಲೂ ಇದೆ.

ವಾರಕ್ಕೆ ಮೂರು ಕಡೆ ತರಗತಿ. ಸೋಮವಾರ ಚಾಮರಾಜನಗರದಲ್ಲಿ ನಿವೃತ್ತ ನೌಕರರಿಗೆ, ಬುಧವಾರ ತೆರಕಣಾಂಬಿಯ ಪಂಚಾಯಿತಿ ಗ್ರಂಥಾಲಯದಲ್ಲಿ ಬೇಸಾಯದ ಮನೆಗಳ ಹಿರಿಯರಿಗೆ, ಶನಿವಾರ ಗುಂಡ್ಲುಪೇಟೆಯಲ್ಲಿ ಅಂಗಡಿ ಇಟ್ಟುಕೊಂಡ ವಯಸ್ಸಾದವರಿಗೆ. ಒಂದೊಂದು ಕಡೆಯೂ ಆರಾರು ತರಗತಿ. ನನ್ನ ಚೀಲದಲ್ಲಿ ಎರಡು ಟಚ್ ಫೋನು, ಒಂದು ಕೀಪ್ಯಾಡ್ ಫೋನು, ನಾಲ್ಕು ಬಗೆಯ ಚಾರ್ಜರು, ರಟ್ಟಿನ ಮೇಲೆ ನಾನೇ ಬರೆದ ಮೂರಡಿ ಉದ್ದದ ಫೋನಿನ ಚಿತ್ರ. ಆ ರಟ್ಟಿನ ಫೋನನ್ನು ಹಿಡಿದುಕೊಂಡು ಬಸ್ಸು ಹತ್ತಿದರೆ ಕಂಡಕ್ಟರು ಅದಕ್ಕೂ ಟಿಕೆಟ್ ಬೇಕೇನಮ್ಮ ಎಂದು ಕೇಳುವುದು ಮಾಮೂಲಿ.

ಮೂರು ಕಡೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ತೆರಕಣಾಂಬಿ. ಚಾಮರಾಜನಗರದ ನಿವೃತ್ತರು ನಾನು ಹೇಳಿದ್ದನ್ನೆಲ್ಲ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ. ಪಿನ್ ನಂಬರನ್ನು ಎಲ್ಲೂ ಬರೆದಿಡಬಾರದು ಎಂದು ಬರೆದುಕೊಂಡು, ಅದರ ಕೆಳಗೇ ತಮ್ಮ ಪಿನ್ ನಂಬರನ್ನೂ ಬರೆದಿಟ್ಟುಕೊಂಡಿದ್ದ ಹಿರಿಯರೊಬ್ಬರನ್ನು ನಾನು ಕಣ್ಣಾರೆ ಕಂಡಿದ್ದೇನೆ. ತೆರಕಣಾಂಬಿಯವರು ಏನನ್ನೂ ಬರೆದುಕೊಳ್ಳುವುದಿಲ್ಲ. ಕೇಳುತ್ತಾರೆ, ಮಾಡಿ ನೋಡುತ್ತಾರೆ, ತಿಳಿಯದಿದ್ದರೆ ತಿಳಿಯಲಿಲ್ಲ ಅನ್ನುತ್ತಾರೆ. ತರಗತಿ ಎರಡು ಗಂಟೆಯಿಂದ ನಾಲ್ಕರವರೆಗೆ. ತರಕಾರಿ ಮಾರುಕಟ್ಟೆಯ ಕೆಲಸ ಮುಗಿದಿರಬೇಕು, ಡೈರಿಗೆ ಹಾಲು ಹಾಕುವ ಹೊತ್ತು ಆಗಿರಬಾರದು. ನಾಲ್ಕು ಹೊಡೆದರೆ ನಾನು ವಾಕ್ಯದ ಮಧ್ಯದಲ್ಲಿದ್ದರೂ ಅರ್ಧ ಕೋಣೆ ಎದ್ದು ನಿಲ್ಲುತ್ತದೆ. ಮೊದಲ ವಾರ ಕೋಪ ಬಂತು. ಎರಡನೇ ವಾರದಿಂದ ನಾನೇ ಹತ್ತು ನಿಮಿಷ ಮೊದಲು ಮುಗಿಸಿದೆ.

ಮುಂದಿನ ಸಾಲಿನಲ್ಲಿ ಚೆಂಡುಹೂ ಬೆಳೆಯುವ ಹೆಂಗಸೊಬ್ಬರು ಕೂರುತ್ತಿದ್ದರು. ಅರವತ್ತು ದಾಟಿದವರು. ಎಲ್ಲರೂ ಅವರನ್ನು ಹೂವಿನಮ್ಮ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೂರನೇ ಕ್ಲಾಸಿನವರೆಗೆ ಓದಿದ್ದರು; ಅಕ್ಷರ ಕೂಡಿಸಿಕೊಂಡು ಓದುತ್ತಾರೆ, ಬರೆಯುವುದಿಲ್ಲ. ಆದರೂ ಇಡೀ ತರಗತಿಯಲ್ಲಿ ಫೋನನ್ನು ನಿಜವಾಗಿ ದುಡಿಸಿಕೊಳ್ಳುತ್ತಿದ್ದವರು ಅವರೇ. ಹೂವಿನ ವ್ಯಾಪಾರಿಗಳು ನಾಳೆಗೆ ಹಳದಿ ಬೇಕೋ ಕೆಂಪು ಬೇಕೋ ಎಂದು ವಾಟ್ಸಾಪಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಇವರು ಹೊಲದಲ್ಲಿ ನಿಂತು ಹೂವಿನ ಫೋಟೊ ತೆಗೆದು ಕಳಿಸಿ, ಉತ್ತರವನ್ನೂ ಮಾತಾಡಿಯೇ ಕಳಿಸುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮೂರು ವರ್ಷದಿಂದ ಹೂವಿನ ವ್ಯವಹಾರವನ್ನು ಅವರೊಬ್ಬರೇ ಹೀಗೆ ನಡೆಸಿಕೊಂಡು ಬಂದಿದ್ದರು.

ನಾಲ್ಕನೇ ತರಗತಿ ಓಟಿಪಿಯದು. ಫೋನಿಗೆ ಬರುವ ಆ ಆರು ಅಂಕಿಯನ್ನು ಯಾರಿಗೂ ಹೇಳಬಾರದು ಎನ್ನುವುದು ನಮ್ಮ ಇಡೀ ಪಾಠದ ಬೆನ್ನುಮೂಳೆ. ಗೋಡೆಯ ಮೇಲೆ ನಾನು ಕೆಂಪು ಅಕ್ಷರದ ಚಾರ್ಟು ಅಂಟಿಸಿದ್ದೆ: ‘ಯಾರನ್ನೂ ನಂಬಬೇಡಿ’. ಒಂದು ಗಂಟೆ ಪಾಠ ಮಾಡಿ ಪರೀಕ್ಷೆಗೆ ಇಳಿದೆ. ಬೇರೆ ಸಿಮ್ಮಿನಿಂದ ಎಲ್ಲರ ಫೋನಿಗೂ ಆರಾರು ಅಂಕಿಯ ಸುಳ್ಳು ಸಂದೇಶ ಕಳಿಸಿದೆ. ಚಾಮರಾಜನಗರದಲ್ಲಿದ್ದ ನನ್ನ ಸಹೋದ್ಯೋಗಿ ಒಬ್ಬೊಬ್ಬರಿಗೇ ಫೋನು ಮಾಡಿ, ಬ್ಯಾಂಕಿನಿಂದ ಮಾತಾಡುತ್ತಿದ್ದೇನೆ, ನಂಬರ್ ಹೇಳಿ ಎಂದ. ಒಬ್ಬರೂ ಹೇಳಲಿಲ್ಲ. ಹೇಳದಿದ್ದುದು ಇರಲಿ, ಅವನ ಹಿಂದಿನ ಮೂರು ತಲೆಮಾರನ್ನೂ ಎಳೆದು ಬೈದರು. ಅವನು ನನಗೆ ಮೆಸೇಜು ಹಾಕಿದ: ಇನ್ನು ಮೇಲೆ ಈ ಕೆಲಸಕ್ಕೆ ನನ್ನನ್ನು ಕರೆಯಬೇಡಿ.

ನಾನು ಒಳಗೊಳಗೇ ಉಬ್ಬಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗ್ರಂಥಾಲಯದ ಮೇಲ್ವಿಚಾರಕಿ ಪಕ್ಕದಲ್ಲಿ ನಿಂತು ನಗುತ್ತಿದ್ದರು. ಅವರು ಆ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾದವರು, ಎಲ್ಲರ ಮನೆಯ ಒಳಕೋಣೆಯವರೆಗೂ ಸಲಿಗೆ ಇದ್ದವರು. ಅವರು ಪಕ್ಕದ ಕೋಣೆಗೆ ಹೋಗಿ ತಮ್ಮ ಫೋನಿನಿಂದ ಮಾಡಿ ನೋಡುತ್ತೇನೆ ಎಂದರು. ಸರಿ ಎಂದೆ. ಕಾಲು ಗಂಟೆಯಲ್ಲಿ ಹಾಳೆಯೊಂದನ್ನು ತಂದು ನನ್ನ ಕೈಗಿಟ್ಟರು. ಪಟ್ಟಿಗೆ ಬೇಕು, ನಿಮ್ಮ ಫೋನಿಗೆ ಬಂದ ನಂಬರ್ ಹೇಳಿ ಎಂದು ಕೇಳಿದ್ದಕ್ಕೆ ಇಬ್ಬರನ್ನು ಬಿಟ್ಟು ಎಲ್ಲರೂ ಹೇಳಿದ್ದರು. ಆ ಇಬ್ಬರಲ್ಲಿ ಒಬ್ಬರ ಫೋನಿನಲ್ಲಿ ಚಾರ್ಜು ಇರಲಿಲ್ಲ, ಇನ್ನೊಬ್ಬರು ಫೋನು ಮನೆಯಲ್ಲಿ ಬಿಟ್ಟು ಬಂದಿದ್ದರು.

ನನಗೆ ರೇಗಿತು. ಈಗ ತಾನೇ ಕಲಿಸಿದೆನಲ್ಲ, ಇವರಿಗೆ ಯಾಕೆ ಹೇಳಿದಿರಿ ಎಂದು ಹೂವಿನಮ್ಮನನ್ನೇ ಕೇಳಿದೆ.

“ನಮ್ಮೂರ್ ಸೊಸೆ ಬಾಯ್ಬುಟ್ಟು ಕೇಳ್ದಾಗ ಇಲ್ಲ ಅನ್ನಕಾದದಾ ಮೇಡಮ್ಮ? ನಾಳೆ ಮೊಕ ಮೊಕ ನೋಡ್ಬೇಕಲ್ಲ” ಎಂದರು.

ನಾನು ಚಾರ್ಟು ತೋರಿಸಿದೆ. ಅವರು ಅದನ್ನು ಕೂಡಿಸಿಕೊಂಡು ಓದಿ, ಹಂಗೆ ಯಾರನ್ನೂ ನಂಬದೆ ಊರಲ್ಲಿ ಬಾಳುವುದು ಹೇಗೆ ಎಂದು ಕೇಳಿದರು. ಕೊಂಕಾಗಿ ಅಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ, ಮುಂದಿನ ವಾರ ಇದನ್ನೇ ಸರಿಮಾಡೋಣ ಎಂದು ಹೇಳಿ ಚೀಲ ಕಟ್ಟಿದೆ.

ಮುಂದಿನ ವಾರದವರೆಗೆ ಕಳ್ಳರು ಕಾಯಲಿಲ್ಲ.

ಶುಕ್ರವಾರ ಮಧ್ಯಾಹ್ನ ಗ್ರಂಥಾಲಯದ ಮೇಲ್ವಿಚಾರಕಿ ಫೋನು ಮಾಡಿದರು. ಹೂವಿನಮ್ಮನ ವಾಟ್ಸಾಪು ಯಾರದೋ ಪಾಲಾಗಿತ್ತು. ಆದದ್ದು ಇಷ್ಟು. ಅವರ ಮಹಿಳಾ ಸಂಘದ ಹೆಂಗಸೊಬ್ಬರ ವಾಟ್ಸಾಪನ್ನು ಕಳ್ಳರು ಅದಕ್ಕೂ ಮೊದಲೇ ಹಿಡಿದಿದ್ದರು. ಆ ಹೆಂಗಸಿನ ಫೋಟೊ, ಆ ಹೆಂಗಸಿನ ಹೆಸರಿನಲ್ಲೇ ಇವರಿಗೆ ಸಂದೇಶ ಬಂತು: ಅಕ್ಕ, ನನಗೆ ಬರಬೇಕಾದ ಆರು ಅಂಕಿ ತಪ್ಪಿ ನಿಮಗೆ ಬಂದಿದೆ, ಬೇಗ ಕಳಿಸಿ. ಇವರಿಗೆ ಬರೆಯಲು ಬರುವುದಿಲ್ಲ. ಆರು ಅಂಕಿಯನ್ನೂ ಒಂದೊಂದಾಗಿ ಬಿಡಿಸಿ ಮಾತಾಡಿ ಕಳಿಸಿದರು. ಕೊನೆಗೆ ‘ಬಂತಾ ತಾಯಿ?’ ಎಂದು ಕೇಳಿಯೂ ಇದ್ದರು. ಅದು ಇವರದೇ ವಾಟ್ಸಾಪಿನ ಬೀಗದ ಕೈ. ಐದು ನಿಮಿಷದಲ್ಲಿ ಖಾತೆ ಕಳ್ಳರ ಫೋನಿನಲ್ಲಿ ತೆರೆದುಕೊಂಡಿತು. ಅಲ್ಲಿಂದ ಇವರ ಹೂವಿನ ವ್ಯಾಪಾರಿಗಳಿಗೆಲ್ಲ, ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ದುಡ್ಡು ಕಳಿಸಿ ಎಂದು ಹೋಯಿತು. ಒಬ್ಬ ವ್ಯಾಪಾರಿ ಕಳಿಸುವ ಮುಂಚೆ ಪುಣ್ಯಕ್ಕೆ ಫೋನು ಮಾಡಿ ಕೇಳಿದ.

ನಾನು ಸಿಕ್ಕ ಬಸ್ಸು ಹತ್ತಿ ತೆರಕಣಾಂಬಿಗೆ ಹೋದೆ. ತಲುಪುವಾಗ ಐದೂವರೆ. ಹೂವಿನಮ್ಮ ಜಗಲಿಯ ಮೇಲೆ ಬಿಡಿಹೂವಿನ ಕುಕ್ಕೆ ಮುಂದಿಟ್ಟುಕೊಂಡು, ಸೂಜಿ ದಾರದಲ್ಲಿ ಹೂ ಪೋಣಿಸುತ್ತಾ ಕೂತಿದ್ದರು. ನಾನು ಬಂದದ್ದು ತಿಳಿದರೂ ತಲೆ ಎತ್ತಲಿಲ್ಲ. ಮಗ ಒಳಗಿನಿಂದ ಬಂದ. ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರು, ವಿಷಯ ತಿಳಿದು ರಜೆ ಹಾಕಿ ಬಂದಿದ್ದ. ಅವನು ಆಗಲೇ ತಾಯಿಯ ಟಚ್ ಫೋನಿನಿಂದ ಸಿಮ್ಮು ತೆಗೆದು ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ, ಟಚ್ ಫೋನನ್ನು ಬೀರುವಿನಲ್ಲಿ ಇಟ್ಟುಬಿಟ್ಟಿದ್ದ. ಒರಟನಲ್ಲ. ನನಗೆ ಕುರ್ಚಿ ಹಾಕಿ, ಕೂತ ಮೇಲೆಯೇ ಮಾತು ತೆಗೆದ.

“ಮೇಡಂ, ನಮ್ಮವ್ವ ಕೇಳ್ದೋರ್ಗೆಲ್ಲ ಕೊಡೋಳು. ಆ ಗುಣ ತಪ್ಪು ಅಂತ ನಾನು ಯೋಳಕಿಲ್ಲ. ಆ ಗುಣಕ್ಕೆ ಈ ಫೋನು ಆಗಲ್ಲ, ಅಷ್ಟೇಯ.”

ಇನ್ನು ಮೇಲೆ ವ್ಯಾಪಾರಿಗಳು ತನಗೆ ಫೋನು ಮಾಡಲಿ, ಇಲ್ಲದಿದ್ದರೆ ಮೊದಲಿನ ದಲ್ಲಾಳಿಗೇ ಹೂ ಹಾಕಿದರಾಯಿತು ಎಂದ. ಆಗ ಹೂವಿನಮ್ಮ ಸೂಜಿ ಕೆಳಗಿಟ್ಟರು.

“ದಲ್ಲಾಳಿ ಇದ್ದಾಗ ಅವ್ನು ಯೋಳ್ದಂಗೇ ನನ್ ಬಾಳು. ಈಗ ನನ್ ಹೂವಿಗೆ ನಾನೇ ಯಜಮಾನಿ ಕಣ್ ಮಗ. ಇದ ಕಿತ್ಕಂಡ್ರೆ ನನ್ ಕೈಯ ಕಟ್ದಂಗೆ.”

ನನಗೆ ನಾಚಿಕೆಯಾಯಿತು. ತಪ್ಪು ಈ ಹೆಂಗಸಿನದಲ್ಲ, ಕಲಿಸಿದವಳದು ಎಂದು ಗಟ್ಟಿಯಾಗಿಯೇ ಹೇಳಿದೆ. ಮಗ ಮರ್ಯಾದೆಗೆ ತಲೆ ಆಡಿಸಿದ, ಒಪ್ಪಲಿಲ್ಲ. ಮೊದಲು ಕಳ್ಳರನ್ನು ಹೊರಗೆ ಹಾಕೋಣ, ಆಮೇಲೆ ಫೋನಿನ ತೀರ್ಮಾನ ಮಾಡಿ ಎಂದು ಕೇಳಿಕೊಂಡೆ. ಟಚ್ ಫೋನನ್ನು ಬೀರುವಿನಿಂದ ತಂದುಕೊಟ್ಟ.

ದಾರಿ ಸರಳ. ಸಿಮ್ಮು ನಮ್ಮ ಕೈಯಲ್ಲಿದೆ. ವಾಟ್ಸಾಪಿನಲ್ಲಿ ಅದೇ ನಂಬರನ್ನು ಮತ್ತೆ ನೋಂದಾಯಿಸಿದರೆ ಹೊಸ ಆರು ಅಂಕಿ ಸಿಮ್ಮಿಗೇ ಬರುತ್ತದೆ. ಅದನ್ನು ಒತ್ತಿದ ಕೂಡಲೇ ಕಳ್ಳರ ಫೋನಿನಲ್ಲಿ ಖಾತೆ ಮುಚ್ಚಿಹೋಗುತ್ತದೆ. ನಾನು ಒತ್ತಿದೆ, ಕಾದೆ. ಅಂಕಿ ಬರಲಿಲ್ಲ. ನೋಡಿದರೆ ಆ ಹಳೆಯ ಕೀಪ್ಯಾಡಿನಲ್ಲಿ ಮೆಸೇಜು ತುಂಬಿ ತುಳುಕಿ ಹೊಸದಕ್ಕೆ ಜಾಗವೇ ಇರಲಿಲ್ಲ, ಅಳಿಸುವ ಗುಂಡಿಯೂ ಸವೆದು ಕೂತಿತ್ತು. ಸಿಮ್ಮನ್ನು ಮತ್ತೆ ಟಚ್ ಫೋನಿಗೇ ಹಾಕಬೇಕು. ಅದರ ಪಕ್ಕದ ಸಣ್ಣ ತೂತಿಗೆ ಮೊನೆ ಚುಚ್ಚಿದರೆ ಸಿಮ್ಮಿನ ತಟ್ಟೆ ಹೊರಗೆ ಬರುತ್ತದೆ. ನನ್ನ ಚುಚ್ಚುಕಡ್ಡಿ ಅವಸರದಲ್ಲಿ ಚಾಮರಾಜನಗರದಲ್ಲೇ ಉಳಿದಿತ್ತು. ಮಗ ಹಗಲು ಹೊತ್ತಿನಲ್ಲಿ ಅವ್ವನ ಸೂಜಿಯಿಂದಲೇ ತೆಗೆದಿದ್ದನಂತೆ. ಅಷ್ಟರಲ್ಲಿ ಹೂವಿನಮ್ಮ ಒಳಗೆ ಹೋಗಿ ದೇವರ ದೀಪ ಹಚ್ಚಿ ಬಂದು, ಮತ್ತೆ ಕುಕ್ಕೆಯ ಮುಂದೆ ಕೂತಿದ್ದರು. ಆ ಸೂಜಿ ಒಂಚೂರು ಕೊಡಿ ಎಂದು ಕೈ ಚಾಚಿದೆ.

“ದೀಪ ಅಚ್ಚಾಯ್ತಲ್ಲ ಮೇಡಮ್ಮ. ಸೂಜಿ ಕೊಡಕಾಗಲ್ಲ. ಬೆಳಗ್ಗೆ ಎಷ್ಟ್ ಬೇಕಾದ್ರೂ ಈಸ್ಕಳಿ.”

ಇಲ್ಲೇ ಕೂತು ಚುಚ್ಚಿ ವಾಪಸು ಕೊಡುತ್ತೇನೆ, ಮನೆಯಿಂದ ಆಚೆಗೆ ಹೋಗುವುದಿಲ್ಲ ಎಂದೆ. ಆಗುವುದಿಲ್ಲ ಎಂದರು. ನಿಮ್ಮ ಕೆಲಸಕ್ಕೇ ಅಲ್ಲವೇ ಎಂದೆ. ಆದರೂ ಆಗುವುದಿಲ್ಲ. ಮುಖದಲ್ಲಿ ಬಿಗುವಿಲ್ಲ, ಮುಜುಗರವಿಲ್ಲ. ನಗುತ್ತಲೇ ಎದ್ದು, ಕಾಫಿ ಕುಡೀರಿ ಎಂದು ಒಳಗೆ ಹೋದರು.

ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ಸೂಜಿ ಕೊಡಬಾರದು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನ್ನ ಅಜ್ಜಿಯೂ ಕೊಡುತ್ತಿರಲಿಲ್ಲ. ನಾನು ಕೊಡುತ್ತೇನೆ, ನನಗೆ ಅದರಲ್ಲಿ ನಂಬಿಕೆಯಿಲ್ಲ. ಆದರೆ ಆ ಜಗಲಿಯಲ್ಲಿ ಕೂತು, ಸೆರಗಿನ ಪಿನ್ನು ಬಿಚ್ಚಿ ಅದರ ಮೊನೆಯಿಂದ ಸಿಮ್ಮಿನ ತಟ್ಟೆ ತೆಗೆಯುತ್ತಿದ್ದಾಗ ನನಗೆ ಹೊಳೆಯಿತು: ಯಾರಿಗೂ ಇಲ್ಲ ಅನ್ನಲಾರದ ಈ ಹೆಂಗಸು ಈಗ ತಾನೇ ನನಗೆ ಮೂರು ಸಲ ಇಲ್ಲ ಅಂದರು. ನನ್ನನ್ನು ನಂಬದೆ ಅಲ್ಲ. ನನಗೆ ಅವಮಾನವೂ ಆಗಲಿಲ್ಲ. ಕೊಡಬಾರದ ವಸ್ತು ಕೊಡಬಾರದ ಹೊತ್ತಿನಲ್ಲಿ ಇತ್ತು, ಅಷ್ಟೇ. ಕೇಳಿದವರು ಯಾರು ಎನ್ನುವ ಪ್ರಶ್ನೆಯೇ ಅಲ್ಲಿ ಏಳಲಿಲ್ಲ. ನಾನು ನಾಲ್ಕು ವಾರ ಇವರಿಗೆ ಜನರನ್ನು ಅನುಮಾನಿಸುವುದನ್ನು ಕಲಿಸಲು ಒದ್ದಾಡಿದ್ದೆ. ಕೊಡದೆ ಇರುವುದು ಇವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು.

ಸಿಮ್ಮು ಹಾಕಿದೆ, ಅಂಕಿ ಬಂತು, ಒತ್ತಿದೆ. ಕಳ್ಳರು ಹೊರಗೆ ಬಿದ್ದರು. ಆದರೆ ಹೋಗುವ ಮುಂಚೆ ಅವರು ಆ ಖಾತೆಗೆ ತಮ್ಮದೊಂದು ರಹಸ್ಯ ಪಿನ್ನು ಹಾಕಿಟ್ಟಿದ್ದರು. ಅದು ಗೊತ್ತಿಲ್ಲದವರು ಒಳಗೆ ಹೋಗಲು ಏಳು ದಿನ ಕಾಯಬೇಕು. ಏಳು ದಿನ ಅವರಿಗೂ ಇಲ್ಲ, ನಮಗೂ ಇಲ್ಲ. ಮಗನನ್ನು ಕೂರಿಸಿಕೊಂಡು ಎಲ್ಲ ವ್ಯಾಪಾರಿಗಳಿಗೂ ಫೋನು ಮಾಡಿಸಿದೆ, ಬಂದ ಸಂದೇಶ ಸುಳ್ಳು ಎಂದು ಹೇಳಿಸಿದೆ. ಸಂಘದ ಆ ಹೆಂಗಸಿಗೂ ಹೇಳಿ ಕಳಿಸಿ, ಅವರ ಖಾತೆಯನ್ನೂ ಇದೇ ರೀತಿ ಬಿಡಿಸಿದೆವು. ಸೈಬರ್ ಸಹಾಯವಾಣಿಗೆ ದೂರು ಬರೆಸಿದೆವು.

ಹೊರಡುವಾಗ ಮಗ ಬಸ್ ನಿಲ್ದಾಣದವರೆಗೆ ಬಂದ. ಏಳು ದಿನ ಹೇಗೂ ಕಾಯಬೇಕು, ಅಲ್ಲಿಯವರೆಗೆ ಟಚ್ ಫೋನು ಅವ್ವನ ಹತ್ತಿರವೇ ಇರಲಿ ಎಂದ. ನಿಮ್ಮ ಕೊನೆಯ ತರಗತಿ ಮುಗಿಯುವುದರೊಳಗೆ ತಾನೇ ಒಂದು ದಿನ ಪರೀಕ್ಷೆ ಮಾಡುತ್ತೇನೆ, ಯಾವತ್ತು ಹೇಗೆ ಎಂದು ನಿಮಗೂ ಹೇಳುವುದಿಲ್ಲ, ಅದರಲ್ಲಿ ಬಿದ್ದರೆ ಕೀಪ್ಯಾಡೇ ಗತಿ ಎಂದ. ಒಪ್ಪಿದೆ. ಪರೀಕ್ಷೆಯ ವಿಷಯ ತಾಯಿಗೆ ಹೇಳಬಾರದು ಎಂದ. ಅದಕ್ಕೂ ಒಪ್ಪಿದೆ. ಹುಲಿ ಕಾಡಿನಲ್ಲಿ ಕೆಲಸ ಮಾಡುವವನಿಗೆ ಹೊಂಚು ಹಾಕುವುದನ್ನು ನಾನು ಹೇಳಿಕೊಡಬೇಕಾಗಿರಲಿಲ್ಲ.

ಐದನೇ ತರಗತಿಗೆ ನಮ್ಮ ಸಂಸ್ಥೆಯ ಪಾಠಪಟ್ಟಿಯಲ್ಲಿ ಇದ್ದದ್ದು ಬೇರೆ: ಮೋಸದ ಲಿಂಕುಗಳು, ಮದುವೆ ಕರೆಯೋಲೆ ಎಂದು ಬರುವ ಸುಳ್ಳು ಫೈಲುಗಳು, ಫೋಟೊಗಳ ಗೌಪ್ಯತೆ. ಅದನ್ನು ಬಿಟ್ಟು ಓಟಿಪಿಯನ್ನೇ ಮತ್ತೆ ಮಾಡುತ್ತೇನೆ ಎಂದು ಮೇಲಿನವರಿಗೆ ತಿಳಿಸಿದೆ. ಪಟ್ಟಿ ಮುಗಿಸದಿದ್ದರೆ ವರದಿಯಲ್ಲಿ ಖಾಲಿ ಬಿಡಬೇಕಾಗುತ್ತದೆ ಎಂದರು. ಖಾಲಿ ಇರಲಿ ಎಂದೆ. ಬಾಯಲ್ಲಿ ಆರು ವಿಷಯ ಗೊತ್ತಿದ್ದು ಕೈಯಲ್ಲಿ ಒಂದೂ ಬಾರದಿದ್ದರೆ ಅದು ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಮೇಲಿನವರಿಗೆ ಈ ಗಾದೆಯನ್ನು ಹೇಳಲಿಲ್ಲ, ಕೆಲಸ ಬೇಕಲ್ಲ.

ಬುಧವಾರ ಎಲ್ಲರೂ ಬಂದು ಕೂತ ಮೇಲೆ ಗೋಡೆಯ ಕೆಂಪು ಚಾರ್ಟನ್ನು ಅವರ ಎದುರಿಗೇ ಕಿತ್ತು ಮಡಿಸಿದೆ. ನಾನು ಕಲಿಸಿದ್ದು ತಪ್ಪು ಎಂದೆ. ಜನರನ್ನು ನಂಬಿ, ನಿಮ್ಮ ಊರು, ನಿಮ್ಮ ನೆಂಟರು. ಆದರೆ ದೀಪ ಹಚ್ಚಿದ ಮೇಲೆ ಸೂಜಿ ಕೇಳಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಇಡೀ ಕೋಣೆ ಒಂದೇ ಬಾಯಲ್ಲಿ ಕೊಡಲ್ಲ ಎಂದಿತು. ಅಕ್ಕ ಕೇಳಿದರೆ? ಕೊಡಲ್ಲ. ಸಂಘದವರು ಕೇಳಿದರೆ? ಕೊಡಲ್ಲ. ಅವರು ಬೇಜಾರು ಮಾಡಿಕೊಳ್ಳುವುದಿಲ್ಲವೇ? ಇದಕ್ಕೆ ಎಲ್ಲರೂ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. ಬೇಜಾರು ಯಾಕೆ, ಕೇಳಿದವರದೇ ತಪ್ಪು, ದೀಪ ಹಚ್ಚಿದ ಮೇಲೆ ಕೇಳಬಾರದು ಎಂದು ಅವರಿಗೂ ಗೊತ್ತಿರಬೇಕಲ್ಲ. ಆರು ಅಂಕಿಯೂ ಹಾಗೇ ಎಂದೆ. ಅದು ಸೂಜಿ. ಕೇಳಿದವರು ದೇವರೇ ಆದರೂ ದೀಪ ಹಚ್ಚಾಯಿತು ಎನ್ನಿ.

ಸಾಲಿನ ಕೊನೆಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರು ಕೈ ಎತ್ತಿದರು. ಹಾಗಾದರೆ ಹಗಲು ಹೊತ್ತು ಕೇಳಿದವರಿಗೆ ಕೊಡಬಹುದೋ ಎಂದು ಕೇಳಿದರು. ಹೌದಲ್ಲ, ಪಾಠಕ್ಕೆ ಇಷ್ಟು ದೊಡ್ಡ ತೂತು ಇಟ್ಟುಕೊಂಡು ಬಂದಿದ್ದೇನಲ್ಲ ಎಂದುಕೊಳ್ಳುವಷ್ಟರಲ್ಲಿ ಹೂವಿನಮ್ಮ ಹಿಂದೆ ತಿರುಗಿದರು.

“ನಂಬರು ಬಂದೇಟ್ಗೆ ದೀಪ ಅಚ್ದಂಗೇ ಅಂತ ತಿಳ್ಕೊ ಕಣಣ್ಣ. ಮದ್ಯಾನ ಬಂದ್ರೂ ಅಷ್ಟೇಯ.”

ಆ ವಾರ ತರಗತಿಯಲ್ಲಿ ಅವರಾಗಿಯೇ ಆಡಿದ ಮಾತು ಅದೊಂದೇ. ನಾನು ಅದನ್ನೇ ಹಿಡಿದುಕೊಂಡೆ. ನಂಬರು ಬಂದ ಗಳಿಗೆಯಿಂದ ದೀಪ ಹಚ್ಚಿದ ಲೆಕ್ಕ. ಇಬ್ಬಿಬ್ಬರನ್ನು ಜೋಡಿ ಮಾಡಿ ಒಬ್ಬರು ಕೇಳಬೇಕು, ಇನ್ನೊಬ್ಬರು ಕೊಡಬಾರದು ಎಂದೆ. ಕೇಳುವವರು ಹೊಗಳಬಹುದು, ಅಳಬಹುದು, ಬೈಯಬಹುದು. ಕೊಡದವರು ಮೂರೇ ಕೆಲಸ ಮಾಡಬೇಕು: ದೀಪ ಹಚ್ಚಾಯಿತು ಎನ್ನುವುದು, ಫೋನು ಕಡಿಯುವುದು, ಆಮೇಲೆ ತಮ್ಮ ಫೋನಿನಲ್ಲಿರುವ ಆ ಮನುಷ್ಯರ ನಂಬರಿಗೆ ತಾವೇ ಮಾಡಿ ವಿಚಾರಿಸುವುದು. ಹತ್ತಿರದಲ್ಲೇ ಇದ್ದರೆ ನಡೆದು ಹೋಗಿ ಕೇಳುವುದು. ಕಂಡಕ್ಟರು ಬ್ಯಾಂಕಿನ ಅಧಿಕಾರಿಯ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದರೆಂದರೆ, ಇವರು ನಿವೃತ್ತರಾದ ಮೇಲೆ ಬೇರೆ ಏನಾದರೂ ಕಸುಬು ಹಿಡಿದಿದ್ದಾರೋ ಎಂದು ನನಗೇ ಅನುಮಾನ ಬಂತು. ಗ್ರಂಥಾಲಯದ ಮೇಲ್ವಿಚಾರಕಿ ಮತ್ತೆ ಪಕ್ಕದ ಕೋಣೆಗೆ ಹೋಗಿ ಒಬ್ಬೊಬ್ಬರಿಗೇ ಫೋನು ಮಾಡಿದರು. ಈ ಸಲ ಹಾಳೆ ಖಾಲಿ ಬಂತು.

ಚಾಮರಾಜನಗರದಲ್ಲಿ ಡೈರಿಯಲ್ಲಿ ಪಿನ್ ಬರೆದಿಟ್ಟುಕೊಂಡಿದ್ದ ಆ ಹಿರಿಯರಿಗೆ ಇದನ್ನು ಹೇಳಿದಾಗ ಮೂಢನಂಬಿಕೆಯನ್ನು ಬೆಳೆಸುತ್ತಿದ್ದೀರಿ ಎಂದು ಆಕ್ಷೇಪಿಸಿದರು. ನಾನು ವಾದ ಮಾಡಲಿಲ್ಲ. ನಿಮ್ಮ ಡೈರಿಯ ಆ ಪುಟ ಹರಿದಿರಾ ಸಾರ್ ಎಂದು ಕೇಳಿದೆ. ಮಾತು ಅಲ್ಲಿಗೆ ಮುಗಿಯಿತು.

ಏಳು ದಿನ ಕಳೆದು, ಶನಿವಾರ ಗುಂಡ್ಲುಪೇಟೆಗೆ ಹೋಗುವ ದಾರಿಯಲ್ಲಿ ಇಳಿದು ಹೂವಿನಮ್ಮನ ಮನೆಗೆ ಹೋದೆ. ಖಾತೆ ತೆರೆಯಿತು. ಈಗ ಅವರದೇ ಒಂದು ರಹಸ್ಯ ಪಿನ್ನು ಇಡಬೇಕು. ಯಾರಿಗೂ ಹೊಳೆಯದ ಆರು ಅಂಕಿ ಯೋಚಿಸಿ ಎಂದು ಹೇಳಿ ನಾನು ಗೋಡೆಯ ಕಡೆ ತಿರುಗಿ ನಿಂತೆ. ಅವರು ಒತ್ತಲು ಶುರುಮಾಡಿದರು. ಬೆರಳು ಒತ್ತಿದ್ದನ್ನೆಲ್ಲ ಬಾಯಿ ಗಟ್ಟಿಯಾಗಿ ಹೇಳುತ್ತಿತ್ತು. ನಲವತ್ತು ವರ್ಷ ಸಂತೆಯಲ್ಲಿ ಕೂತು ಗಿರಾಕಿಯ ಎದುರು ಮೊಳ ಎಣಿಸಿ ಹೂ ಅಳೆದ ಬಾಯಿ ಅದು; ಎಣಿಕೆ ಗಟ್ಟಿಯಾಗಿ ಕೇಳಿಸದಿದ್ದರೆ ಅಳತೆಯಲ್ಲಿ ಮೋಸ ಎಂದು ಗಿರಾಕಿಗಳು ತಕರಾರು ಮಾಡುತ್ತಾರೆ. ನನಗೆ ಆರೂ ಅಂಕಿ ಕೇಳಿಸಿತು. ಅಳಿಸಿ ಹೊಸದು ಇಡಿ ಎಂದೆ. ಎರಡನೇದೂ ಕೇಳಿಸಿತು. ಪಕ್ಕದ ಮನೆಯವರಿಗೂ ಕೇಳಿಸಿರಬೇಕು. ಮೂರನೇ ಸಲ ಅವರೇ ಉಪಾಯ ಮಾಡಿದರು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಒತ್ತಿದರು. ನಾನು ಏನೂ ಕೇಳಿಸಿಕೊಳ್ಳದೆ ಗೋಡೆಯ ಕ್ಯಾಲೆಂಡರು ನೋಡುತ್ತಾ ನಿಂತೆ. ನಿಜ ಹೇಳುತ್ತೇನೆ, ಆ ಬಾಯಿಯನ್ನು ನೆನೆಸಿಕೊಂಡರೆ ಮಗನ ಪರೀಕ್ಷೆಯ ಬಗ್ಗೆ ನನಗೆ ಭಯವೇ ಆಗುತ್ತಿತ್ತು.

ಕೊನೆಯ ತರಗತಿಯ ದಿನ ಬಂತು. ಅಲ್ಲಿಯವರೆಗೂ ಪರೀಕ್ಷೆ ನಡೆದಿರಲಿಲ್ಲ. ಬಿಟ್ಟುಹೋದ ಲಿಂಕಿನ ಪಾಠವನ್ನು ಎಷ್ಟಾಗುತ್ತದೋ ಅಷ್ಟು ಮಾಡುತ್ತಿದ್ದೆ. ಎರಡೂವರೆ ಹೊತ್ತಿಗೆ ಹೂವಿನಮ್ಮನ ಫೋನಿನಲ್ಲಿ ಮೆಸೇಜಿನ ಸದ್ದಾಯಿತು, ಹಿಂದೆಯೇ ಕರೆ. ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವವರು. ಬೇಡ ಎಂದು ನಾನು ಐದು ವಾರ ಹೇಳಿದ್ದೆ. ಅದೊಂದನ್ನು ಅವರು ಕಲಿಯಲಿಲ್ಲ. ಕಾಡಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ; ಮಗ ಸಿಗುವ ಜಾಗಕ್ಕೆ ಬಂದು ಮಾಡಿದ್ದ.

“ಅವ್ವ, ನಾನು. ಈಗ ನಿನ್ ಫೋನ್ಗೆ ಒಂದ್ ನಂಬರ್ ಬಂದದೆ ನೋಡು. ಅದು ನಂದು. ಬಿರ್ನೆ ಯೋಳು, ಕೆಲ್ಸ ನಿಂತೋಗದೆ.”

ನಾನು ಕೈಯಲ್ಲಿದ್ದ ಸೀಮೆಸುಣ್ಣ ಹಿಡಿದುಕೊಂಡು ನಿಂತುಬಿಟ್ಟೆ. ಇದು ಸುಳ್ಳು ಬ್ಯಾಂಕಿನವನ ದನಿಯಲ್ಲ, ಸಂಘದ ಹೆಂಗಸಿನ ಫೋಟೊ ಅಲ್ಲ. ಹೆತ್ತ ಮಗನ ದನಿ, ಅವನದೇ ನಂಬರು. ಹೂವಿನಮ್ಮ ಮೆಸೇಜು ತೆರೆದು ನೋಡಿದರು. ತುಟಿ ಅಲುಗಿತು. ಮೊದಲನೇ ಅಂಕಿ ಬಾಯಿಗೆ ಬಂದೇಬಿಟ್ಟಿತು ಎಂದುಕೊಂಡೆ. ಅವರು ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದರು. ಆಮೇಲೆ ಅದನ್ನು ಬಿಟ್ಟು ಮಾತಾಡಿದರು.

“ದೀಪ ಅಚ್ಚಾಯ್ತು ಕಣ್ ಮಗ.”

“ಮದ್ಯಾನ ಎರಡೂವರೆ ಆಗದೆ ಕಣವ್ವ.”

“ಆಗಿರ್ಲಿ. ನನ್ ಫೋನಲ್ಲಿ ಅಚ್ಚಾಯ್ತು.”

“ನಿನ್ ಮಗನ್ಗೇ ಇಲ್ಲ ಅಂತೀಯಾ?”

ಆ ಪ್ರಶ್ನೆ ಅವರಿಗೆ ನಾಟಿತು. ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡರು.

“ನಿನ್ಗಲ್ಲ ಮಗ, ನಂಬರ್ಗೆ ಇಲ್ಲ ಅಂತಾವ್ನಿ. ನೀನ್ ಮನೆಗ್ ಬಾ. ಉಪ್ಸಾರ್ ಮಾಡಿವ್ನಿ, ಉಣ್ಣುವಂತೆ.”

ಕರೆ ಕಡಿದರು. ಅಲ್ಲಿಗೇ ಬಿಡಲಿಲ್ಲ. ಮಗನ ಫೋಟೊ ಹುಡುಕಿ ಒತ್ತಿ, ತಾವೇ ಮತ್ತೆ ಫೋನು ಮಾಡಿದರು. ಈಗ ಮಾತಾಡುತ್ತಿರುವುದು ನೀನೇ ತಾನೇ ಎಂದು ಕೇಳಿದರು. ಆಚೆ ಕಡೆಯಿಂದ ನಗು ಕೇಳಿಸಿತು.

“ನಾನೇ ಕಣವ್ವ. ಫೋನು ನೀನೇ ಇಟ್ಕೊ. ಇನ್ ಕೇಳಕಿಲ್ಲ.”

ಕಂಡಕ್ಟರು ಚಪ್ಪಾಳೆ ತಟ್ಟಿದರು, ಉಳಿದವರೂ ತಟ್ಟಿದರು. ಹೂವಿನಮ್ಮ ಎಲ್ಲರ ಮೇಲೂ ರೇಗಿದರು. ಮಗನಿಗೆ ಇಲ್ಲ ಅಂದದ್ದಕ್ಕೆ ಚಪ್ಪಾಳೆ ತಟ್ಟುವವರು ಅವರ ಪ್ರಕಾರ ಮನುಷ್ಯರೇ ಅಲ್ಲ. ನನಗೆ ಕಣ್ಣು ತುಂಬಿ ಬಂತು. ಬೋರ್ಡಿನ ಕಡೆ ತಿರುಗಿ, ಒರೆಸಬೇಕಾಗಿಲ್ಲದ್ದನ್ನೆಲ್ಲ ಒರೆಸಿದೆ.

ನಾಲ್ಕು ಹೊಡೆಯಿತು, ಎಲ್ಲರೂ ಎದ್ದರು. ಚೀಲ ಕಟ್ಟುತ್ತಿದ್ದಾಗ ಹೂವಿನಮ್ಮ ಮೇಜಿನ ಹತ್ತಿರ ಬಂದರು. ಸೊಂಟದ ಸಂಚಿಯಿಂದ ಕಾಗದದಲ್ಲಿ ಸುತ್ತಿದ ಏನನ್ನೋ ತೆಗೆದರು. ನಾನು ಕೈ ಚಾಚಿದೆ. ಅವರು ಕೈಗೆ ಕೊಡಲಿಲ್ಲ; ಕೈಯಿಂದ ಕೈಗೆ ಸೂಜಿ ಕೊಟ್ಟರೆ ಜಗಳವಾಗುತ್ತದಂತೆ. ಮೇಜಿನ ಮೇಲೆ ಇಟ್ಟರು. ಬಿಚ್ಚಿ ನೋಡಿದರೆ ಹೊಸ ಸೂಜಿ.

“ಅವತ್ತು ಕೇಳಿದ್ರಲ್ಲ ಮೇಡಮ್ಮ. ಈಗ ಅಗಲೊತ್ತು. ಈಸ್ಕಳಿ.”

ಅಷ್ಟರಲ್ಲಿ ಅವರ ಫೋನಿಗೆ ವ್ಯಾಪಾರಿಯ ಮಾತು ಬಂತು, ನಾಳೆಗೆ ಕೆಂಪು ಹೂ ಬೇಕಂತೆ. ಕೇಳಿಸಿಕೊಂಡು, ಉತ್ತರ ಹೇಳುತ್ತಲೇ ಮೆಟ್ಟಿಲಿಳಿದು ಹೋದರು. ಆ ಸೂಜಿ ಈಗ ನನ್ನ ಚೀಲದಲ್ಲಿದೆ. ಸಿಮ್ಮು ತೆಗೆಯಲು ಬೇಕಾದಾಗ ಅದನ್ನೇ ಬಳಸುತ್ತೇನೆ. ಸಂಜೆಯ ಹೊತ್ತು ಯಾರಾದರೂ ಕೇಳಿದರೆ, ಮೊದಲಿನ ಹಾಗೆ ನನ್ನ ಕೈ ತಟ್ಟನೆ ಮುಂದಕ್ಕೆ ಹೋಗುವುದಿಲ್ಲ.